ಬೀದಿಗೆ ಕಾಣುವಷ್ಟು

"ಒಳಗೋಡೆ ಮುಟ್ಟಬೇಡಪ್ಪ," ಎಂದಳು ಎದುರುಮನೆ ಅಜ್ಜಿ. "ಅದರಲ್ಲಿ ಮಾಟ ಇದೆ."

ಆ ಬೀದಿಯಲ್ಲಿ ಹೊಸದಾಗಿ ಮನೆ ಕೊಂಡಿದ್ದ ವಕೀಲ ಸಮಿತಿಯ ಸಭೆಯಲ್ಲೇ ಕಿಸಕ್ಕನೆ ನಕ್ಕುಬಿಟ್ಟ. ಹಳೇ ಬೀದಿಯಲ್ಲಿ ಮನೆ ಕೊಂಡವರು ಒಂದು ಮೊಳೆ ಹೊಡೆಯಬೇಕಾದರೂ ಸಂರಕ್ಷಣಾ ಸಮಿತಿಯ ಮುಂದೆ ಬಂದು ಕೈಕಟ್ಟಿ ನಿಲ್ಲಬೇಕು. ಸಮಿತಿಯೆಂದರೆ ಮತ್ತೇನು, ಸ್ವಂತ ಮನೆಯಲ್ಲಿ ಯಾರೂ ಮಾತು ಕೇಳದ ನಾಲ್ಕಾರು ಮುದುಕ ಮುದುಕಿಯರು. ಒಂದು ಬಾಗಿಲಿಗೆ ಹಸಿರು ಬಳಿಯಬೇಕೋ ಕಡುಹಸಿರು ಬಳಿಯಬೇಕೋ ಎಂದು ಮಳೆಗಾಲವಿಡೀ ಕಚ್ಚಾಡಿದವರು. ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ತರರಿಗೆ ಯಾರ ಸೂರು ಸೋರಿದರೂ ಚಿಂತೆಯಿಲ್ಲ, ಹಂಚಿನ ಬಣ್ಣ ಮಾತ್ರ ಮಾಸಕೂಡದು. ವಕೀಲನ ಲೆಕ್ಕದಲ್ಲಿ ಇವರೆಲ್ಲ ಕಾಲಕಸಕ್ಕೆ ಸಮ.

ಅಜ್ಜಿ ದನಿ ತಗ್ಗಿಸಿದಳು. "ಆ ಮನೆ ಕಟ್ಟಿಸಿದವನು ಗಂಡ ಸತ್ತ ಅತ್ತಿಗೇನ ಬೀದಿಗೆ ನೂಕಿದ. ಹೋಗೋ ಮುಂಚೆ ಅವಳು ಮಾಟ ಮಾಡಿಸಿ ಗೋಡೇಲಿ ಹೂಳಿಸಿದ್ಲು. ಈ ಮನೆ ಒಳಗನ್ನ ಯಾರು ಬರಿದು ಮಾಡ್ತಾರೋ, ಅವರ ಒಳಗೂ ಬರಿದಾಗ್ಲಿ, ಮುಖ ಒಂದು ಉಳೀಲಿ ಅಂತ."

"ಅಜ್ಜಿ, ನಿಮ್ಮ ನಿಯಮ ನೀವೇ ಓದಿಲ್ವಾ? ಬೀದಿಗೆ ಕಾಣೋದು ಮಾತ್ರ ಸಮಿತಿಗೆ ಸೇರಿದ್ದು. ಹೊಸ್ತಿಲು ದಾಟಿದ್ಮೇಲೆ ನಾನು ಆನೆ ಕಟ್ತೀನೋ ಕುದುರೆ ಕಟ್ತೀನೋ, ಕೇಳೋಕೆ ನೀವ್ಯಾರು? ಮುಂಭಾಗ ಒಂದು ಕೂದಲೆಳೆ ಅಲುಗಿಸಲ್ಲ. ಒಳಗೆ ಒಂದು ಗೋಡೇನೂ ಬಿಡಲ್ಲ. ಎಲ್ಲ ಕೆಡವಿ ಒಂದೇ ಹಾಲ್ ಮಾಡ್ತೀನಿ."

ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮುಂಭಾಗ ಹಾಗೇ ಇರೋದಾದ್ರೆ ನಮ್ಮ ಆಕ್ಷೇಪಣೆ ಇಲ್ಲ," ಎಂದರು. ಒಂದು ಕುಟುಂಬದ ಬದುಕಿಗಿಂತ ಅವರಿಗೆ ಕಿಟಕಿಯ ಚೌಕಟ್ಟು ದೊಡ್ಡದಾಗಿತ್ತು. ಅಜ್ಜಿ ಎದ್ದು ಹೋದಳು.

ಮೊದಲ ಏಟನ್ನು ವಕೀಲನೇ ಹಾಕಿದ. ಮೇಸ್ತ್ರಿಯ ಕೈಯಿಂದ ಸುತ್ತಿಗೆ ಕಿತ್ತುಕೊಂಡು, ಅಂಗಿಯ ತೋಳು ಮಡಚಿ, ನಡುಗೋಡೆಗೆ ಬೀಸಿದ. ಗಾರೆ ಉದುರಿತು. ಇಟ್ಟಿಗೆಯ ಸಂದಿನಿಂದ ಬಾಯಿಗೆ ಮೇಣ ಮೆತ್ತಿದ ಮಣ್ಣಿನ ಕುಡಿಕೆಯೊಂದು ಜಾರಿ ಅವನ ಬೂಟಿನ ಪಕ್ಕದಲ್ಲೇ ಒಡೆಯಿತು. ಸುಟ್ಟ ಕೂದಲಿನ ವಾಸನೆ ಮನೆತುಂಬ ಹರಡಿತು. ಚೂರುಗಳ ನಡುವೆ ಬೆರಳುದ್ದದ ಮಣ್ಣಿನ ಬೊಂಬೆ ಬಿದ್ದಿತ್ತು. ಕಣ್ಣು, ಮೂಗು, ನಗುವ ತುಟಿ ಎಲ್ಲ ಅಚ್ಚುಕಟ್ಟು. ತಿರುಗಿಸಿ ನೋಡಿದರೆ ಹಿಂಬದಿ ಪೊಳ್ಳು. ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದ.

"ಏನ್ರೀ, ಗಂಡಸಾಗಿ ಬೊಂಬೆಗೆ ಹೆದರ್ತೀರಾ?" ಎಂದು ವಕೀಲ ಅದನ್ನು ಬೂಟಿನಡಿ ಹೊಸಕಿ ಹಾಕಿದ.

ಆವತ್ತು ಸಂಜೆ ಬಾಡಿಗೆ ಮನೆಯಲ್ಲಿ ಹೆಂಡತಿ ಬಡಿಸಿದ ಅನ್ನ ಅವನ ಬಾಯಲ್ಲಿ ಸುಣ್ಣದ ಪುಡಿಯಾಯಿತು. ಧೂಳು ಕುಡಿದಿದ್ದೇನೆ, ಅದಕ್ಕೇ ಎಂದುಕೊಂಡ. ಮರುದಿನ ಅಡುಗೆಮನೆಯ ಗೋಡೆ ಬಿತ್ತು, ಹಸಿವು ಎನ್ನುವುದೇ ಸತ್ತುಹೋಯಿತು. ಮಲಗುವ ಕೋಣೆಯ ಗೋಡೆ ಬಿದ್ದಮೇಲೆ ನಿದ್ದೆ ಹತ್ತಿರ ಸುಳಿಯಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವನದು, ಕೆಲಸ ನಿಲ್ಲಿಸಲಿಲ್ಲ. ಹಿಂದಿನ ಕೋಣೆ ಕೆಡವಿದ ದಿನ ತೀರಿಹೋದ ತನ್ನ ತಾಯಿಯ ಫೋಟೋ ಮುಂದೆ ನಿಂತು, ಯಾರಪ್ಪ ಈ ಹೆಂಗಸು ಎಂದು ಬಹಳ ಹೊತ್ತು ಯೋಚಿಸಿದ. ಕನ್ನಡಿಯಲ್ಲಿ ಮಾತ್ರ ಮುಖ ಎಂದಿಗಿಂತ ಕಳೆಕಳೆಯಾಗಿತ್ತು. "ಸಾಹೇಬ್ರು ವಯಸ್ಸೇ ಆಗದವರ ಥರ ಕಾಣ್ತೀರಿ," ಎಂದರು ಕೋರ್ಟಿನಲ್ಲಿ. ಮೇಲೆ ಥಳಕು, ಒಳಗೆ ಹುಳುಕು. ಹೊಗಳುವವರಿಗೆ ಅಷ್ಟೇ ಸಾಕು.

ಕೊನೆಗೆ ಉಳಿದದ್ದು ಮಗಳ ಕೋಣೆಯ ಗೋಡೆ ಒಂದೇ. ಮನೆ ಕೊಂಡ ದಿನವೇ ಅವಳು, ಎಲ್ಲರೂ ಗುಬ್ಬಿ ಎಂದು ಕರೆಯುತ್ತಿದ್ದ ಆ ಮಗು, "ಇದು ನಂದು" ಎಂದು ಆ ಮೂಲೆಯಲ್ಲಿ ಕೂತುಬಿಟ್ಟಿದ್ದಳು. ಅದನ್ನು ಕೆಡವಬೇಕಿದ್ದ ದಿನ ಮಧ್ಯಾಹ್ನ ಬೀದಿಯಲ್ಲಿ ಎದುರುಮನೆ ಅಜ್ಜಿ ಸಿಕ್ಕಳು. ವಕೀಲ ಎಂದಿನಂತೆ ಕೊಂಕು ನುಡಿಯಲು ಬಾಯಿ ತೆರೆದ. ಒಳಗಿನಿಂದ ಏನೂ ಬರಲಿಲ್ಲ. ಸಿಟ್ಟಿಲ್ಲ. ತಾತ್ಸಾರವಿಲ್ಲ. ಅವನು ಹುಟ್ಟಿದಾಗಿನಿಂದ ಸಾಕಿ ಸಲಹಿದ್ದ ಆ ತಾತ್ಸಾರವೂ ಖಾಲಿ! ಆಗ ಅವನಿಗೆ ಹೆದರಿಕೆಯಾಯಿತು. ಎದೆಯೊಳಗೆ ತಡಕಾಡಿದ. ಗುಬ್ಬಿ ಸಿಕ್ಕಳು. ಅವಳ ಎಣ್ಣೆಗೂದಲಿನ ವಾಸನೆ, ನಿದ್ದೆಗಣ್ಣಲ್ಲಿ ಕೊರಳಿಗೆ ಬೀಳುವ ಕೈ. ಅದೊಂದೇ ಉಳಿದಿತ್ತು.

"ಅಜ್ಜಿ, ಆ ಒಂದು ಗೋಡೆ ಬಿಟ್ಟರೆ?" ಎಂದ.

"ಗೋಡೆ ನಿಂತ್ರೆ ನಿನ್ನೊಳಗಿರೋದೂ ಉಳೀತು," ಎಂದಳು ಅಜ್ಜಿ, ಅವನ ಮುಖ ನೋಡದೆ.

ಅವನು ಓಡಿದ. ಮೇಸ್ತ್ರಿ ಸುತ್ತಿಗೆ ಎತ್ತಿದ್ದವನು ಕೂಗು ಕೇಳಿ ಇಳಿಸಿದ.

"ಬಿಡೋದೇನೋ ಬಿಡಬಹುದು ಸಾರ್. ಆದ್ರೆ ಸುತ್ತ ಇದ್ದ ಆಸರೆ ಎಲ್ಲ ನೀವೇ ತೆಗೆಸಿದ್ರಿ. ಒಂಟಿ ಗೋಡೆ, ಎಷ್ಟು ಹೊತ್ತು ನಿಲ್ಲುತ್ತೆ?"

"ಮರ ತನ್ನಿ! ಆಸರೆ ಕೊಡಿ!"

ಮೇಸ್ತ್ರಿ ಮರ ತರಲು ಹೊರಗೆ ಹೋದ. ನಡುಮಧ್ಯಾಹ್ನ, ಆದರೂ ಒಳಗೆ ಕಪ್ಪು ಧೂಳು. ಮುಂಭಾಗದ ಚಿತ್ತಾರದ ಕಿಟಕಿಗಳಿಂದ ಒಂದೆಳೆ ಬೆಳಕೂ ಒಳಗೆ ಬರುತ್ತಿರಲಿಲ್ಲ. ಸುಟ್ಟ ಕೂದಲಿನ ವಾಸನೆ ಮತ್ತೆ ಎದ್ದಿತು. ಗೋಡೆಯೊಳಗೆ ಯಾರೋ ಹೆಂಗಸು ಉಸಿರೆಳೆದ ಸದ್ದು. ಬಿರುಕೊಂದು ಸರಸರ ಮೇಲೇರಿತು. ವಕೀಲ ಎರಡೂ ಅಂಗೈ ಊರಿ, ಹೆಗಲು ಕೊಟ್ಟು ಗೋಡೆ ಹಿಡಿದ. ಬೆವರಿನಲ್ಲಿ ಸುಣ್ಣ ಕರಗಿ ಕಣ್ಣಿಗಿಳಿಯಿತು. "ಬೇಡ," ಎಂದ. ಕೋರ್ಟಿನಲ್ಲಿ ಎಂದೂ ಬೇಡದವನು ಬೇಡಿದ. "ತಾಯಿ, ಇದೊಂದು ಬಿಡು."

ಹೊರಗೆ ಸಮಿತಿ ಪರಿಶೀಲನೆಗೆ ಬಂದಿತ್ತು. "ಚೌಕಟ್ಟು ಚೆನ್ನಾಗಿ ಉಳಿಸಿಕೊಂಡಿದಾರೆ," ಎಂದು ಹೆಡ್‌ಮಾಸ್ತರರು ಮೆಚ್ಚುತ್ತಿದ್ದರು.

"ಅಪ್ಪಾ!"

ಗುಬ್ಬಿ. ಕೆಲಸ ನೋಡಲು ಬಂದಿದ್ದ ಅಮ್ಮನ ಕೈ ಕೊಸರಿಕೊಂಡು, ಇಟ್ಟಿಗೆ ರಾಶಿ ಹತ್ತಿ, ಗೋಡೆಯ ಆ ತುದಿಗೆ, ತನ್ನ ಮೂಲೆಗೆ ಓಡಿ ಬಂದಿದ್ದಳು. ಅವನ ಕೈಗೆ ನಿಲುಕದ ಆ ತುದಿ ಅವಳ ಮೇಲೇ ವಾಲುತ್ತಿತ್ತು.

"ಹೋಗು! ಆಚೆ ಹೋಗು!"

ಮಗು ನಿಂತೇ ಇತ್ತು. ಕಣ್ಣು ಮಿಟುಕಿಸುತ್ತಿತ್ತು. ತಲೆಯ ಮೇಲೆ ಗಾರೆ ಉದುರಿತು. ಗೋಡೆ ಬಿಟ್ಟರೆ ಇವಳು ತನ್ನೊಳಗಿಂದ ಹೋಗುತ್ತಾಳೆ. ಹಿಡಿದೇ ನಿಂತರೆ ಇಲ್ಲೇ ಜಜ್ಜಿಹೋಗುತ್ತಾಳೆ. ಅಷ್ಟು ವಾದ ಮಾಡಿದ ಮನುಷ್ಯ ಅಲ್ಲಿ ಒಂದು ಕ್ಷಣವೂ ವಾದಿಸಲಿಲ್ಲ. ಕೈ ಬಿಟ್ಟ. ಹಾರಿದ. ಮಗುವನ್ನು ಬಾಚಿಕೊಂಡ. ಉರುಳಿದ. ಹಿಂದೆ ಗೋಡೆ ಕುಸಿಯಿತು. ನೆಲ ನಡುಗಿತು. ಕತ್ತಲಾಯಿತು.

ಧೂಳು ಇಳಿದಾಗ ಹೆಂಡತಿ ಕೂಗುತ್ತ ಬಂದಳು. ವಕೀಲ ಎದ್ದು ನಿಂತಿದ್ದ. ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ. ಗುಬ್ಬಿ ಅವನ ಕೊರಳಿಗೆ ಜೋತುಬಿದ್ದು ಬಿಕ್ಕುತ್ತಿದ್ದಳು. ಅವನು ಆ ಪುಟ್ಟ ಕೈಗಳನ್ನು ಮೆಲ್ಲಗೆ ಬಿಡಿಸಿ, ಮಗುವನ್ನು ಕೆಳಗಿಳಿಸಿ, ಅದರ ಫ್ರಾಕಿನ ಧೂಳು ಕೊಡವಿದ. ಆಮೇಲೆ ಬಲು ಸೌಜನ್ಯದಿಂದ ನಕ್ಕು ಹೆಂಡತಿಯ ಕಡೆ ತಿರುಗಿದ.

"ಕೆಲಸ ನಡೀತಿರೋ ಜಾಗಕ್ಕೆ ಮಕ್ಕಳನ್ನ ಬಿಡಬಾರದಮ್ಮ," ಎಂದ. "ಯಾರ ಮಗು ಇದು?"