ಊರು ನೋಡಲು ಇನ್ನೆರಡು ದಿನ

ಕಸ ಗುಡಿಸುವ ಹೆಂಗಸು ಕಿರುಚಿಕೊಂಡಾಗ ಬೆಳಗ್ಗೆ ಏಳೂವರೆ.

ಮ್ಯೂಸಿಯಂಗೆ ಅಂಟಿಕೊಂಡೇ ಹಳೇ ಕಾವಲು ಗೋಪುರ. ಅದರ ಮೆಟ್ಟಿಲ ಬುಡದಲ್ಲಿ ಮುದುಕರೊಬ್ಬರು ಬೋರಲು ಬಿದ್ದಿದ್ದರು. ಇಸ್ತ್ರಿ ಮಾಡಿದ ಅಂಗಿ. ಪಾಲಿಶ್ ಹೊಡೆದ ಬೂಟು. ತಲೆಯ ಹಿಂಭಾಗ ಒಡೆದಿತ್ತು.

"ವಯಸ್ಸಾದವರು. ಗೋಪುರ ಹತ್ತೋಕೆ ಹೋಗಿ ಕಾಲು ಜಾರಿದೆ," ಅಂದ ಕಾನ್‌ಸ್ಟೇಬಲ್.

ಇನ್ಸ್‌ಪೆಕ್ಟರಮ್ಮ ಮಂಡಿಯೂರಿ ಕೂತರು. ಮುದುಕರ ಬಲಗಣ್ಣಿನ ಸುತ್ತ ದುಂಡನೆಯ ಗೀರು, ಬಳೆ ಒತ್ತಿ ಹಿಡಿದ ಹಾಗೆ. ಬಲಗೈಯ ಎರಡು ಬೆರಳಿಗೆ ಎಣ್ಣೆ.

"ಬೋರಲು ಬಿದ್ದವರಿಗೆ ಹಿಂದುಗಡೆ ಹೇಗಯ್ಯ ಪೆಟ್ಟಾಯ್ತು?"

ಕಾನ್‌ಸ್ಟೇಬಲ್ ಮುದುಕರ ಜೇಬು ತಡಕಿದ.

ಜೇಬಿನಲ್ಲಿ ಹೋಟೆಲಿನ ಕೀಲಿ ಸಿಕ್ಕಿತು. ಎರಡು ಬೀದಿ ಆಚೆಗಿನ ಹೋಟೆಲು.

*

ಕೋಣೆಯ ಬಾಗಿಲು ತೆಗೆದದ್ದು ಮುದುಕರ ಮಗಳು. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು. ವಿಷಯ ಕೇಳಿ ಅಳಲಿಲ್ಲ. "ಅಪ್ಪ ವಾಕಿಂಗ್ ಹೋಗಿದ್ದಾರೆ. ಈಗ ಬರ್ತಾರೆ," ಅಂತ ಮೂರು ಸಲ ಹೇಳಿದಳು.

ಇನ್ಸ್‌ಪೆಕ್ಟರಮ್ಮ ನೀರು ಕೊಟ್ಟು ಕಾದರು.

"ಒಂಬತ್ತು ದಿನದ ಪ್ರವಾಸ ಮೇಡಂ," ಅಂದಳು ಕೊನೆಗೆ. "ಬಸ್ಸಿಂದ ಇಳಿ, ಫೋಟೋ ತೆಗಿ, ಹತ್ತು. ಒಂದು ಊರೂ ಮನಸ್ಸಿಗೆ ಹತ್ತಲಿಲ್ಲ. ಉಳಿದವರೆಲ್ಲ ಮೊನ್ನೆ ಹೊರಟರು. ಈ ಊರಲ್ಲಿ ಇನ್ನೆರಡು ದಿನ ಇರೋಣ ಅಂತ ನಾನೇ ಅಪ್ಪನ್ನ ಒಪ್ಪಿಸಿದೆ. ನಾನೇ."

"ನಿನ್ನೆ ಎಲ್ಲೆಲ್ಲಿ ಹೋಗಿದ್ರಿ?"

"ನಾನು ಕೋಟೆ ಗೋಡೆ, ಹಳೇ ಪೇಟೆ, ದೋಣಿ ಎಲ್ಲ ನೋಡಿದೆ. ಅಪ್ಪ ಇಡೀ ದಿನ ಮ್ಯೂಸಿಯಂ ಬೆಂಚಿನ ಮೇಲೆ. ಅಲ್ಲಿ ಮುನ್ನೂರು ವರ್ಷದ ದೊಡ್ಡ ಗಡಿಯಾರ ಇದೆ. ಅದರ ಮುಂದೆ."

"ಸಂಜೆ ಜಗಳ ಆಯ್ತಂತೆ? ಕೆಳಗೆ ಕೌಂಟರಿನವರು ಹೇಳಿದ್ರು."

ಅವಳ ಮುಖ ಬಿಳಿಚಿಕೊಂಡಿತು. "ಇಲ್ಲೇ ಹತ್ತು ದಿನ ಇರ್ತೀನಿ ಅಂದ್ರು. ಯಾಕೆ ಅಂದ್ರೆ, 'ಕೆಲಸ ಇದೆ, ಇನ್ನೊಬ್ಬರ ಮರ್ಯಾದೆ ವಿಷಯ, ನಿನಗೂ ಹೇಳಲ್ಲ' ಅಂದ್ರು. ರೇಗಿಹೋಯ್ತು. 'ನೀವೊಬ್ಬರೇ ಬಿದ್ದಿರಿ, ನಾನು ಹೋಗ್ತೀನಿ' ಅಂದೆ. ಮೇಡಂ, ನಾನು ಆಡಿದ ಕೊನೇ ಮಾತು ಅದು."

ಜಗಳವಾಡಿದ ಮಗಳು. ತಂದೆ ಹೆಣ. ಬೇರೆ ಅಧಿಕಾರಿಯಾಗಿದ್ದರೆ ಅಲ್ಲಿಗೇ ಬರೆದು ಮುಗಿಸುತ್ತಿದ್ದರೋ ಏನೋ.

"ಗೋಪುರ ಹತ್ತೋ ಆಸೆ ಇತ್ತಾ ಅವರಿಗೆ?"

"ಅಪ್ಪನಾ? ಬಸ್ಸಿನ ಮೆಟ್ಟಿಲಿಗೂ ನನ್ನ ಹೆಗಲು ಬೇಕು ಅವರಿಗೆ. ಮಂಡಿ ಅಷ್ಟು ಹಾಳಾಗಿದೆ."

"ಏನು ಕೆಲಸ ಮಾಡ್ತಿದ್ರು?"

"ಗಡಿಯಾರ ರಿಪೇರಿ. ನಲವತ್ತೈದು ವರ್ಷ."

ಇನ್ಸ್‌ಪೆಕ್ಟರಮ್ಮ ತಮ್ಮ ಬಲಗಣ್ಣಿನ ಸುತ್ತ ಬೆರಳಾಡಿಸಿ ತೋರಿಸಿದರು. "ಇಲ್ಲಿ ದುಂಡಗೆ ಒಂದು ಗುರುತು."

"ಕಣ್ಣಿಗೆ ಸಿಕ್ಕಿಸಿಕೊಳ್ಳೋ ಭೂತಗನ್ನಡಿ. ಅದಿಲ್ಲದೆ ಅಪ್ಪ ಹೊರಗೆ ಕಾಲಿಡಲ್ಲ."

ಹೆಣದ ಜೇಬಿನಲ್ಲಿ ಅದು ಇರಲಿಲ್ಲ. ಕೋಣೆಯಲ್ಲೂ ಇರಲಿಲ್ಲ. ದಿಂಬಿನ ಕೆಳಗೆ ಒಂದು ಪುಟ್ಟ ನೋಟ್‌ಬುಕ್ ಮಾತ್ರ ಸಿಕ್ಕಿತು. ಇನ್ಸ್‌ಪೆಕ್ಟರಮ್ಮ ಕೊನೆಯ ಪುಟ ಓದಿದರು. ಇನ್ನೊಮ್ಮೆ ಓದಿದರು. ಎದ್ದು ನಿಂತರು.

"ಬನ್ನಿ. ಮ್ಯೂಸಿಯಂಗೆ ಹೋಗೋಣ."

*

ಮೇಲ್ವಿಚಾರಕರು ಬಾಗಿಲಲ್ಲೇ ಕಾಯುತ್ತಿದ್ದರು. ಮೆದು ದನಿಯ, ನರೆತ ಗಡ್ಡದ ವಿದ್ವಾಂಸರು. ಆ ಗಡಿಯಾರದ ಮೇಲೆ ದಪ್ಪ ಪುಸ್ತಕ ಬರೆದು ಹೆಸರಾದವರು. ಮಗಳನ್ನು ಕಂಡದ್ದೇ ಕೈ ಮುಗಿದರು. "ಏನಂತ ಹೇಳಲಮ್ಮ. ನಿಮ್ಮ ತಂದೆ ನಿನ್ನೆ ಎಷ್ಟು ಆಸೆಯಿಂದ ನೋಡ್ತಾ ಕೂತಿದ್ರು."

"ಈ ಗಾಜಿನ ಗೂಡಿನ ಕೀಲಿ ಯಾರ ಹತ್ತಿರ ಇರುತ್ತೆ ಸಾರ್?" ಗಡಿಯಾರದ ಮುಂದೆ ನಿಂತು ಇನ್ಸ್‌ಪೆಕ್ಟರಮ್ಮ ಕೇಳಿದರು.

"ನನ್ನ ಹತ್ತಿರ ಮಾತ್ರ. ದಿನಾ ಮಧ್ಯಾಹ್ನ ನಾನೇ ಗೂಡು ತೆಗೆದು ಗಡಿಯಾರಕ್ಕೆ ಕೀಲಿ ಕೊಡೋದು. ಜನಕ್ಕೆ ಹನ್ನೆರಡು ಗಂಟೆ ಹೊಡೆಯೋದು ಕೇಳಿಸ್ಬೇಕಲ್ಲ."

"ಇವತ್ತು ತೆಗೆದ್ರಾ?"

"ಇಲ್ಲ. ನಾನು ಬಂದದ್ದೇ ಎಂಟು ಗಂಟೆಗೆ, ನಿಮ್ಮ ಫೋನ್ ಬಂದ ಮೇಲೆ."

ಮಗಳು ಗಾಜಿಗೆ ಹಣೆ ಒತ್ತಿ ನಿಂತಿದ್ದಳು. ಆಳೆತ್ತರದ ಗಡಿಯಾರ. ಕೆಳಗೆ ಹಿತ್ತಾಳೆಯ ಲೋಲಕ. ಅದರ ಹಿಂದೆ, ನೆರಳಲ್ಲಿ, ಏನೋ ಕಪ್ಪಗೆ ದುಂಡಗೆ ಬಿದ್ದಿತ್ತು.

"ಅಪ್ಪಂದು," ಅಂದಳು. ದನಿ ಕೀರಲಾಯಿತು. "ಮೇಡಂ, ಅದು ಅಪ್ಪನ ಭೂತಗನ್ನಡಿ!"

ಮೇಲ್ವಿಚಾರಕರ ಕೈ ತಾನಾಗಿ ಕೊರಳಲ್ಲಿ ತೂಗುತ್ತಿದ್ದ ಕೀಲಿಗೆ ಹೋಯಿತು.



*

"ಕೂತ್ಕೊಳ್ಳಿ ಸಾರ್," ಅಂದರು ಇನ್ಸ್‌ಪೆಕ್ಟರಮ್ಮ. "ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದಿ. ಮೊನ್ನೆ ತಂಡದ ಜೊತೆ ಬಂದಾಗ ಮುದುಕರು ಇಲ್ಲಿದ್ದದ್ದು ಇಪ್ಪತ್ತು ನಿಮಿಷ, ಅದೂ ಸಂಜೆ. ಗಂಟೆ ಹೊಡೆಯೋದು ಕೇಳಿಸಿಕೊಳ್ಳಲಿಲ್ಲ. ನಿನ್ನೆ ಕೇಳಿಸಿಕೊಂಡರು. ನೋಟ್‌ಬುಕ್ಕಿನಲ್ಲಿ ಬರೆದಿದ್ದಾರೆ, 'ಪೆಟ್ಟಿಗೆ ಹಳೇದು. ಒಳಗಿನ ಚಕ್ರಗಳ ಸದ್ದು ಹೊಸದು' ಅಂತ. ಇವತ್ತು ಬೆಳಗ್ಗೆ ಒಳಗೆ ನೋಡೋಕೆ ಬಂದ್ರು. ಗೋಪುರ ಹತ್ತೋ ಕಾಲಲ್ಲ ಅವರದು. ಬೆರಳಲ್ಲಿ ಯಂತ್ರದ ಎಣ್ಣೆ. ಭೂತಗನ್ನಡಿ ಬೀಗ ಹಾಕಿದ ಗೂಡಿನೊಳಗೆ. ಬೀಗ ತೆಗೆದವರು ಒಬ್ಬರೇ, ಹಾಕಿದವರೂ ಅವರೇ."

ಮೇಲ್ವಿಚಾರಕರು ಕೊರಳಿಂದ ಕೀಲಿ ತೆಗೆದು ಬೆಂಚಿನ ಮೇಲಿಟ್ಟರು.

"ಹದಿನೆಂಟು ವರ್ಷ ಆಯ್ತು," ಅಂದರು. "ಶುಚಿ ಮಾಡೋವಾಗ ಒಳಗಿನ ಯಂತ್ರ ನನ್ನ ಕೈಯಿಂದಲೇ ಬಿತ್ತು. ಮೂರು ಚಕ್ರ ಮುರಿದವು. ಇಡೀ ಊರಿಗೆ ಹೆಮ್ಮೆ ಅದು. ಬಾಯಿ ಬಿಡೋಕೆ ಆಗಲಿಲ್ಲ. ದೂರದಲ್ಲಿ ಹೊಸ ಯಂತ್ರ ಮಾಡಿಸಿ ಕೂರಿಸಿದೆ. ನಿನ್ನೆ ಸಂಜೆ ಇವರು ಬಂದು, ಬಾಗಿಲು ತೆಗೆಯೋ ಮುಂಚೆ ಒಂದು ಸಲ ಒಳಗೆ ತೋರಿಸಿ ಅಂದ್ರು. ಬೇಡ ಅಂದ್ರೆ ಅನುಮಾನ ಬರುತ್ತೆ ಅಂತ ಹ್ಞೂಂ ಅಂದೆ. ಹಿಂದಿನ ಬಾಗಿಲಿಂದ ಕರ್ಕೊಂಡು ಬಂದೆ. ತಲೆ ಒಳಗಿಟ್ಟು ನೋಡಿದ್ರು. ನನ್ನ ಕಡೆ ತಿರುಗಿದ್ರು. ನಾನು ತಳ್ಳಿಬಿಟ್ಟೆ. ಗಡಿಯಾರದ ಪೀಠದ ಕಲ್ಲಿನ ಅಂಚಿಗೆ ತಲೆ... ಉಸಿರು ಇರಲಿಲ್ಲ. ಗೋಪುರದ ತನಕ ಎಳ್ಕೊಂಡು ಹೋದೆ."

"ತಿರುಗಿದಾಗ ಅಪ್ಪ ಏನಂದ್ರು?" ಮಗಳು ಕೇಳಿದಳು.

"'ಹಳೇ ಚಕ್ರ ಎಲ್ಲಿಟ್ಟಿದ್ದೀರಿ?' ಅಷ್ಟೇ ಅಂದ್ರು. ಎಲ್ಲರಿಗೂ ಹೇಳಿಬಿಡ್ತಾರೆ ಅಂತ..."

"ಚಕ್ರ ಎಲ್ಲಿವೆ ಸಾರ್?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ. ಬಟ್ಟೆ ಸುತ್ತಿಟ್ಟಿದ್ದೀನಿ. ಬಿಸಾಕೋಕೆ ಮನಸ್ಸು ಬರಲಿಲ್ಲ."

ಇನ್ಸ್‌ಪೆಕ್ಟರಮ್ಮ ನೋಟ್‌ಬುಕ್ ತೆರೆದು ಮಗಳ ಕೈಗಿಟ್ಟರು. ಕೊನೆಯ ಪುಟದಲ್ಲಿ ಸಣ್ಣ ಅರದಿಂದ ಹಿಡಿದು ಬೆಸುಗೆಯ ತಂತಿಯವರೆಗೆ ಬೇಕಾದ ಸಾಮಾನುಗಳ ಪಟ್ಟಿ. ಅದರ ಕೆಳಗೆ ನಾಲ್ಕು ಸಾಲು. ಅವಳು ಗಟ್ಟಿಯಾಗಿ ಓದಲು ಶುರು ಮಾಡಿದಳು.

"'ಗಡಿಯಾರದ ಮೇಲೆ ಪ್ರೀತಿ ಇರುವ ಮನುಷ್ಯ. ಹಳೆಯದನ್ನು ಬಿಸಾಡಿರುವುದಿಲ್ಲ. ನಾಳೆ ಕೇಳಬೇಕು. ಹತ್ತು ದಿನ ಸಿಕ್ಕರೆ ಯಾರಿಗೂ ಗೊತ್ತಾಗದ ಹಾಗೆ ಸರಿ ಮಾಡಿ ಕೊಡುತ್ತೇನೆ. ಪಾಪ, ಎಷ್ಟು ವರ್ಷದಿಂದ ಹೆದರಿಕೊಂಡು...'"

ಮುಂದೆ ಓದಲಾಗಲಿಲ್ಲ ಅವಳಿಗೆ.

ಮೇಲ್ವಿಚಾರಕರು ಅವಳ ಬಾಯನ್ನೇ ನೋಡುತ್ತಿದ್ದರು, ಆಡಿದ ಮಾತು ಕಿವಿಗೆ ತಲುಪದವರ ಹಾಗೆ. ಕಾನ್‌ಸ್ಟೇಬಲ್ ರಟ್ಟೆ ಹಿಡಿದು ಎಬ್ಬಿಸಿದ. ಎರಡು ಹೆಜ್ಜೆ ಇಟ್ಟು ನಿಂತರು.

"ಇನ್ನೊಂದು ಸಲ ಓದಮ್ಮ," ಅಂದರು.

ಅವಳು ನೋಟ್‌ಬುಕ್ ಮುಚ್ಚಿದಳು.