ಎಡಗೈ

ನಾನು ಹುಟ್ಟಾ ಎಡಚಿ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಹಿಂದಿದ್ದ ನಮ್ಮ ಮನೆಗೆ ಅಪ್ಪ ಹಳೆಯ ಪಿಯಾನೊ ತಂದ ಮೇಲೆ, ನಾನು ನುಡಿಸಲು ಕೂತಾಗಲೆಲ್ಲ ಅಜ್ಜಿ ಗುರುಸಿದ್ದಮ್ಮ ನನ್ನ ಎಡಗೈಯನ್ನು ತನ್ನ ಸೆರಗಿನಿಂದ ಕಟ್ಟಿ ಪಕ್ಕದಲ್ಲೇ ಕೂರುತ್ತಿದ್ದಳು.

"ತೊಳ್ಯೋ ಕೈಲಿ ಸರಸ್ವತೀನ ಮುಟ್ತೀಯೇನೇ, ಮುಂಡೇದೇ?"

ಬೆಂಗಳೂರಿಗೆ ಹೋಗಿ ಎರಡೂ ಕೈಯಲ್ಲಿ ನುಡಿಸಲು ಕಲಿತೆ. ಕಲ್ಕತ್ತದಲ್ಲಿ, ವಿಯೆನ್ನಾದಲ್ಲಿ ಕಛೇರಿ ಕೊಟ್ಟೆ. ಅಜ್ಜಿ ಒಂದನ್ನೂ ಕೇಳಲಿಲ್ಲ.

೧೯೯೯ರ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಊರಿಗೆ ಬಂದಿದ್ದೆ. ಮುಂಬಯಿಯ ಕಛೇರಿ ಹತ್ತಿರವಿತ್ತು, ಮಟಮಟ ಮಧ್ಯಾಹ್ನವೇ ಅಭ್ಯಾಸಕ್ಕೆ ಕೂತೆ. ಬಲಗಡೆಯ ಕೀಗಳು ಸೆಕೆಗೆ ಬೆಚ್ಚಗಿದ್ದವು. ಎಡಗಡೆಯವು ಬಾವಿಯ ನೀರಿನಷ್ಟು ತಣ್ಣಗಿದ್ದವು. ನುಡಿಸತೊಡಗಿದಂತೆ ವಿಭೂತಿಯ ವಾಸನೆ ಬಂತು, ಬಟ್ಟೆ ಸುತ್ತಿ ಎಳೆದ ಹಾಗೆ ಎಡ ಮಣಿಕಟ್ಟು ಬಿಗಿಯಿತು. ಬೆರಳುಗಳು ಮರಗಟ್ಟಿದವು. ಈ ಕೈ ಹೋದರೆ ನನ್ನ ಬದುಕೇ ಹೋದಂತೆ.

"ಎಳಿ ಅಜ್ಜಿ, ಎಷ್ಟು ಎಳೀತೀಯೋ ಎಳಿ," ಎಂದೆ ಗಟ್ಟಿಯಾಗಿ. "ಈ ಕೈ ನಂದು. ನುಡಿಸೇ ನುಡಿಸ್ತೀನಿ. ಬೇಕಿದ್ರೆ ನೀನೂ ನುಡಿಸು."

ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ. ಕೊನೆಯ ಸ್ವರದವರೆಗೂ ಎರಡೂ ಕೈಯಲ್ಲಿ ನುಡಿಸಿ, ಎದ್ದು ಹಿತ್ತಿಲಿಗೆ ಹೋದೆ. ಅವ್ವ ನನಗೆ ಬೆನ್ನು ಮಾಡಿ ಹಪ್ಪಳ ಹರಡುತ್ತಿದ್ದಳು.

"ಸಾಕು ಬಾರೇ ಉಣ್ಣಾಕೆ," ಎಂದು ತಿರುಗಿ ನೋಡದೆಯೇ ಕೂಗಿದಳು. "ಅದೇನು, ಈಗ ಕಲಿಯೋ ಮಗು ಹಂಗೆ ಕುಟ್ತಾ ಇದೀಯಾ?"

ನಾನು ಅವಳ ಹಿಂದೆಯೇ ನಿಂತಿದ್ದೆ. ಒಳಗೆ ಪಿಯಾನೊದ ಎಡಗಡೆಯ ಮಂದ್ರ ಸ್ವರಗಳು, ಒಂದೊಂದಾಗಿ, ತಡವರಿಸುತ್ತಾ ಕೇಳುತ್ತಲೇ ಇದ್ದವು.