ಕಂಬಳಿ ಇಟ್ಟ ಮಗ್ಗುಲು

೧೯೬೬ನೇ ಇಸವಿಯ ಮಾಘ ಮಾಸ, ಫೆಬ್ರವರಿ ಎಂಟು, ಮಂಗಳವಾರ, ಬೆಳಿಗ್ಗೆ ಆರೂವರೆ. ತುಂಗೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ತೀರ್ಥಹಳ್ಳಿ ಠಾಣೆಯ ಬಾಗಿಲು ತೆಗೆದ ಕಾನ್‌ಸ್ಟೇಬಲ್ ಹೂವಯ್ಯನಿಗೆ ಮೆಟ್ಟಿಲ ಮೇಲೆ ಒಬ್ಬ ಮನುಷ್ಯ ಕೂತಿರುವುದು ಕಂಡಿತು. ಯಾವಾಗ ಬಂದು ಕೂತನೋ, ತಲೆಗೆ ಸುತ್ತಿದ ಟವೆಲು ಇಬ್ಬನಿಗೆ ತೊಯ್ದು ಹೋಗಿತ್ತು.

"ಎಂತದಪ್ಪ?"

"ಡಾಕ್ಟ್ರ ಮೇಲೆ ಕಂಪ್ಲೇಂಟ್ ಕೊಡ್ಬೇಕಿತ್ತು. ನನ್ನ ಹೆಂಡ್ತೀನ ಕೊಂದ್ರು."

ಅವನ ಹೆಸರು ಗಿರಿಯಪ್ಪ. ಕವಲೇದುರ್ಗದ ಕೆಳಗಿನ ಹಳ್ಳಿಯಲ್ಲಿ ಗದ್ದೆ ಮಾಡಿಕೊಂಡಿದ್ದವನು. ಇನ್ಸ್‌ಪೆಕ್ಟರ್ ಗೋಪಾಲಪ್ಪ ಹಿಂದಿನ ಕ್ವಾರ್ಟರ್ಸಿನಿಂದ ಬಂದರು. ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬಂದು, ಎರಡು ವರ್ಷದಿಂದ ತಮ್ಮ ಅನ್ನ ತಾವೇ ಬೇಯಿಸಿಕೊಳ್ಳುತ್ತಿದ್ದವರು. ಒಲೆಯ ಮೇಲಿನ ಗಂಜಿ ಇಳಿಸಿಟ್ಟು ಬಂದಿದ್ದರು.

"ಯಾವ ಡಾಕ್ಟ್ರು?"

"ಹೆರಿಗೆ ಆಸ್ಪತ್ರೆ ವಿಘ್ನೇಶ್ವರ ಡಾಕ್ಟ್ರು. ಮಗು ಅಡ್ಡ ಇತ್ತು. ಹೊಟ್ಟೆ ಕೊಯ್ದು ತೆಗಿಬೇಕು ಅಂದ್ರು. ಹೂಂ ಅಂದೆ."

"ಮಗು?"

"ಹೆಣ್ಣು. ಬದುಕಿದೆ." ಅಷ್ಟು ಹೇಳಿ ಗಿರಿಯಪ್ಪ ಗೋಡೆ ನೋಡಿದ. "ಶಾಂತಮ್ಮ ನಡ್ಕೊಂಡು ಒಳಗೆ ಹೋದ್ಲು ಸ್ವಾಮಿ. ಹೋಗ್ವಾಗ ನಗಾಡ್ತಾನೇ ಹೋದ್ಲು."

ಏಳು ಗಂಟೆ ಹತ್ತು ನಿಮಿಷಕ್ಕೆ ಎಫ್‌ಐಆರ್ ಆಯಿತು. ಕಲಂ ೩೦೪-ಎ, ಅಜಾಗರೂಕತೆಯಿಂದ ಸಾವು. ಶವದ ಪಂಚನಾಮೆ ಮುಗಿಸಿ ಮರಣೋತ್ತರ ಪರೀಕ್ಷೆಗೆ ಕಳಿಸಿದರು. ಸಂಜೆ ಬಂದ ವರದಿಯಲ್ಲಿ ಹೊಲಿಗೆ ಸರಿಯಾಗಿದೆ, ಸಾಯುವಷ್ಟು ರಕ್ತ ಹೋಗಿಲ್ಲ ಎಂದಿತ್ತು. ಹಾಗಾದರೆ ಸತ್ತದ್ದು ಯಾತಕ್ಕೆ?

ಡಾಕ್ಟರ್ ವಿಘ್ನೇಶ್ವರ ಮನೆಯಲ್ಲಿ ಟ್ರಂಕು ತೆರೆದಿಟ್ಟುಕೊಂಡು ಕೂತಿದ್ದರು. ಆಗ ಆಪರೇಶನ್ ಹೆರಿಗೆಗೆ ಧೈರ್ಯ ಮಾಡುವವರು ನಮ್ಮ ಕಡೆ ಕಡಿಮೆ. ಹೊಸನಗರದಿಂದಲೂ ಜನ ಗಾಡಿ ಕಟ್ಟಿಕೊಂಡು ಇವರನ್ನು ಹುಡುಕಿ ಬರುತ್ತಿದ್ದರು.

"ಕೇಸು ನನ್ನ ಮೇಲೆ ನಿಂತರೆ ನಾನು ಇನ್ನು ಚಾಕು ಹಿಡಿಯಲ್ಲ," ಎಂದರು ಡಾಕ್ಟರು. "ಊರು ಬಿಡ್ತೇನೆ."

"ನಡೆದದ್ದು ಹೇಳಿ. ನನಗೆ ತಿಳಿಯೋ ಹಾಗೆ."

"ಬೆನ್ನಿಗೆ ಸೂಜಿ ಹಾಕಿದ ಮೇಲೆ ಸೊಂಟದ ಕೆಳಗೆ ಮರಗಟ್ತದೆ. ಅದರ ಜೊತೆ ಕಾಲಿನ ರಕ್ತನಾಳ ಎಲ್ಲ ಸಡಿಲ ಆಗ್ತವೆ. ರಕ್ತ ಅಲ್ಲೇ ನಿಲ್ತದೆ, ಪ್ರೆಷರ್ ಬೀಳ್ತದೆ. ಹೆಚ್ಚು ಕಡಿಮೆ ಎಲ್ಲರಿಗೂ ಬೀಳ್ತದೆ."

"ಬಿದ್ದರೆ?"

"ಎಫೆಡ್ರಿನ್ ಇಂಜೆಕ್ಷನ್ ಕೊಡ್ತೇವೆ, ಸಲೈನ್ ಜೋರು ಬಿಡ್ತೇವೆ. ಅದಕ್ಕೂ ಮೊದಲು ಬಲ ಸೊಂಟದ ಅಡಿ ಕಂಬಳಿ ಮಡಿಚಿಟ್ಟು ಎಡಕ್ಕೆ ವಾಲಿಸ್ತೇವೆ. ಅಂಗಾತ ಮಲಗಿದರೆ ಬಸಿರಿನ ಭಾರ ದೊಡ್ಡ ರಕ್ತನಾಳದ ಮೇಲೆ ಕೂರ್ತದೆ, ಕಾಲುವೆಗೆ ದಿಮ್ಮಿ ಬಿದ್ದ ಹಾಗೆ. ಆ ನಾಳ ಇರೋದು ಬಲಗಡೆ. ಎಡಕ್ಕೆ ವಾಲಿಸಿದರೆ ದಿಮ್ಮಿ ಸರೀತದೆ."

"ನಿನ್ನೆ ವಾಲಿಸಿದ್ರಾ?"

"ಕಂಬಳಿ ಅಂದೆ. ಇಟ್ಟೆ ಅಂದ್ಲು ಆಯಾ. ಮತ್ತೆ ಯಾಕೆ ಪ್ರೆಷರ್ ಏಳಲಿಲ್ಲ, ನನಗೇ ಗೊತ್ತಾಗ್ತಿಲ್ಲ."

ನರ್ಸ್ ಸಿಸಿಲಿಯಾ ಮಂಗಳೂರಿನವಳು. ತಲೆಯ ಕಡೆ ಕೂತು ಪ್ರೆಷರ್ ನೋಡಿ ಬರೆಯುವುದು ಅವಳ ಕೆಲಸ. ಚೀಟಿ ತಂದು ಕೊಟ್ಟಳು. ಸೋಮವಾರ ಮಧ್ಯಾಹ್ನ ಮೂರು ಗಂಟೆ ಹತ್ತು, ಸೂಜಿ, ನೂರ ಹದಿನೆಂಟು. ಮೂರು ಹದಿನಾರು, ಎಪ್ಪತ್ತನಾಲ್ಕು, ಕಂಬಳಿ, ಇಂಜೆಕ್ಷನ್. ಮೂರು ಇಪ್ಪತ್ತನಾಲ್ಕು, ಅರವತ್ತು, ಮತ್ತೊಂದು ಇಂಜೆಕ್ಷನ್. ಮೂರು ಮೂವತ್ತೊಂದು, ಮಗು, ಐವತ್ತು. ಆಮೇಲಿನ ಸಾಲುಗಳಲ್ಲಿ ಅಂಕಿ ಇಳಿಯುತ್ತಲೇ ಹೋಗಿತ್ತು.

"ಕಂಬಳಿ ನೀನು ನೋಡಿದ್ಯಾ?"

"ಇಲ್ಲ ಸಾರ್. ನಡುವೆ ಬಟ್ಟೆ ಕಟ್ಟಿರ್ತದಲ್ಲ. ನನಗೆ ಕಾಣುದು ಮುಖ ಮಾತ್ರ."

ಆಯಾ ಹಾಲಮ್ಮ ಐವತ್ತು ದಾಟಿದ ಹೆಂಗಸು. ಬಾಗಿಲ ಸಂದಿಯಲ್ಲಿ ಮಗು ಎತ್ತಿಕೊಂಡು ನಿಂತಿದ್ದಳು.

"ಕಂಬಳಿ ಇಟ್ಯಾ?"

"ಇಟ್ಟೆ ಸಾಮಿ."

ಯಾವ ಮಗ್ಗುಲಿಗೆ ಎಂದು ಆ ದಿನ ಯಾರೂ ಕೇಳಲಿಲ್ಲ.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಆಪರೇಶನ್ ಕೋಣೆಯ ಪಂಚನಾಮೆ. ಸಾವಾದ ಹೊತ್ತಿಗೇ ಬೀಗ ಬಿದ್ದಿತ್ತು, ಒಳಗೆ ಯಾರೂ ಕಾಲಿಟ್ಟಿರಲಿಲ್ಲ. ಪಂಚರಾಗಿ ಬಂದ ಹೋಟೆಲಿನ ಗುತ್ಯಪ್ಪ ಮೂಗಿಗೆ ಟವೆಲು ಹಿಡಿದು ನಿಂತ. ದಫೇದಾರ್ ಜಟ್ಟಪ್ಪ ಒಂದೊಂದಾಗಿ ಹೇಳಿದ, ಹೂವಯ್ಯ ಬರೆದುಕೊಂಡ. ಒಡೆದ ಇಂಜೆಕ್ಷನ್ ಸೀಸೆ ಎರಡು, ಸಲೈನ್ ಬಾಟಲಿ ಎರಡು, ಕಂಬಳಿ ಒಂದು. ಗೋಪಾಲಪ್ಪ ಮೇಜಿನ ಸುತ್ತ ಎರಡು ಸಲ ಬಂದು ನಿಂತರು.

"ಜಟ್ಟಪ್ಪ, ಮಲಗಿದವಳ ಬಲಗೈ ಯಾವ ಕಡೆ ಬರ್ತದೆ?"

"ಈ ಕಡೆ ಸಾರ್, ಕಿಟಕಿ ಕಡೆ."

"ರಕ್ತ ಯಾವ ಕಡೆ ಹರಿದು ಒಣಗಿದೆ?"

ಜಟ್ಟಪ್ಪ ಬಗ್ಗಿ ನೋಡಿದ. ಮೇಜಿನ ರೆಕ್ಸಿನ್ ಮೇಲೆ ಕಿಟಕಿಯ ಕಡೆಗೆ ಮಾತ್ರ ಹರಿದು, ಅಂಚಿನಿಂದ ನೆಲಕ್ಕೆ ತೊಟ್ಟಿಕ್ಕಿ ಕಪ್ಪಾಗಿತ್ತು. ಎಡ ಅಂಚು ಒರೆಸಿಟ್ಟ ಹಾಗೆ ಇತ್ತು.

"ಎಡಕ್ಕೆ ವಾಲಿಸಿದರೆ ರಕ್ತ ಬಲಕ್ಕೆ ಹೇಗೆ ಹೋಗ್ತದೆ?" ಎಂದರು ಗೋಪಾಲಪ್ಪ.

ಆ ಮಧ್ಯಾಹ್ನ ಅವರು ಹಳೆಯ ಚೀಟಿಗಳನ್ನು ತರಿಸಿ ನೋಡಿದರು. ಹಿಂದಿನ ಒಂದು ವರ್ಷದಲ್ಲಿ ಹನ್ನೊಂದು ಹೆಂಗಸರಿಗೆ ಹೀಗೇ ಆಪರೇಶನ್ ಆಗಿತ್ತು. ಹನ್ನೊಂದರಲ್ಲೂ ಪ್ರೆಷರ್ ಬಿದ್ದಿತ್ತು, ಕಂಬಳಿ ಎಂದು ಬರೆದ ಮುಂದಿನ ಸಾಲಿಗೆ ಎದ್ದಿತ್ತು. ಹನ್ನೊಂದು ಸಲವೂ ಕಂಬಳಿ ಇಟ್ಟವಳು ಹಾಲಮ್ಮನೇ.

ಗುರುವಾರ ಹನ್ನೊಂದು ಗಂಟೆಗೆ ಎಲ್ಲರನ್ನೂ ಅವರವರು ಅಂದು ನಿಂತ ಜಾಗದಲ್ಲೇ ನಿಲ್ಲಿಸಿದರು. ಮೇಜಿನ ಮೇಲೆ ಮಲಗಲು ಹೂವಯ್ಯ ಸಿಕ್ಕಿದ. ಅವನ ಹೊಟ್ಟೆ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

"ಎಷ್ಟು ತಿಂಗಳು ಹೂವಯ್ಯ?" ಎಂದ ಜಟ್ಟಪ್ಪ.

"ಇದು ತಿಂಗಳಿನ ಲೆಕ್ಕ ಅಲ್ಲ ದಫೇದಾರ್ರೆ. ಹದಿನೆಂಟು ವರ್ಷದ ಕಡುಬು."

ಸಿಸಿಲಿಯಾ ಬಾಯಿಗೆ ಕೈ ಅಡ್ಡ ಹಿಡಿದಳು. ನಗಲು ಹೋಗಿ ಅಳು ಬಂತು ಅವಳಿಗೆ. ಹೂವಯ್ಯನ ಮೇಲೆ ಬಟ್ಟೆ ಹೊದಿಸಿದರು. ಡಾಕ್ಟರು ಕಿಟಕಿಯ ಕಡೆ ನಿಂತು ಸಣ್ಣ ದನಿಯಲ್ಲಿ "ಕಂಬಳಿ" ಎಂದರು.

ಹಾಲಮ್ಮ ಮಡಿಚಿದ ಕಂಬಳಿ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಮೇಜು ಬಳಸಿಕೊಂಡು ಆಚೆಗೆ ಹೋಗಿ, ಹೂವಯ್ಯನ ಎಡ ಸೊಂಟದ ಅಡಿಗೆ ಸೇರಿಸಿದಳು. ಅವನ ಹೊಟ್ಟೆ ಡಾಕ್ಟರ ಕಡೆಗೆ, ಬಲಕ್ಕೆ, ವಾಲಿತು.

"ಹೌದು," ಎಂದರು ಡಾಕ್ಟರು. "ಅವತ್ತೂ ಹೀಗೇ ನನ್ನ ಕಡೆಗೇ ವಾಲಿತ್ತು. ಮಗು ಅಡ್ಡ ಇದೆಯಲ್ಲ, ಅದಕ್ಕೆ ಹೀಗೆ ಅಂದುಕೊಂಡೆ."

ಆ ಸಂಜೆ ನಾಲ್ಕು ಗಂಟೆಗೆ ಠಾಣೆಯಲ್ಲಿ ಹಾಲಮ್ಮನ ಹೇಳಿಕೆ. ಕಸ ಗುಡಿಸುವ ದುಗ್ಗಮ್ಮನನ್ನು ಜೊತೆಗೆ ಕೂರಿಸಿಕೊಂಡಿದ್ದರು.

"ಊರು?"

"ಇಲ್ಲ ಸಾಮಿ."

"ಇಲ್ಲ ಅಂದ್ರೆ?"

"ಹೊಸನಗರದ ಕಡೆ ಇತ್ತು. ಮುಳುಗಡೆಲಿ ಹೋಯ್ತು. ಈಗ ಅಲ್ಲಿ ನೀರು."

"ನಿಮ್ಮ ಕಡೆಯವರು?"

"ಒಬ್ಬೊಬ್ರು ಒಂದೊಂದು ಕಡೆ ಹೋದ್ರು. ಎಲ್ಲಿಗೆ ಅಂತ ಗೊತ್ತಿಲ್ಲ."

ಗೋಪಾಲಪ್ಪ ಪೆನ್ನು ಕೆಳಗಿಟ್ಟರು. "ನೋಡು ಹಾಲಮ್ಮ. ಗಾಬರೀಲಿ ಎಡ ಬಲ ತಪ್ಪಿತು ಅಂತ ಬರ್ಕೊಳ್ಳಲಾ?"

"ಎಡ ಬಲ ಗೊತ್ತಿಲ್ದೆ ಏನು ಸಾಮಿ? ಉಣ್ಣೋ ಕೈ ಗೊತ್ತಿಲ್ವಾ? ತಪ್ಪಿತು ಅಂತ ಬರೆದ್ರೆ ಡಾಕ್ಟ್ರು ಸರಿಯಾಗಿ ಕಲಿಸ್ಲಿಲ್ಲ ಅಂತಾರೆ ಜನ. ಅವ್ರು ಕಲಿಸಿದ್ರು. ನಾನೇ ಬೇಕಂತ ಆ ಕಡೆ ಇಟ್ಟೆ."

"ಯಾಕೆ?"

ಹಾಲಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಎಂಟು ವರ್ಷದ ಹಿಂದಿನ ಮಾತು. ಅವಳಿಗೆ ಇದ್ದ ಒಬ್ಬಳೇ ಮಗಳು ಕನ್ನಮ್ಮ. ಹೆರಿಗೆ ಕಷ್ಟವಾಗಿ ಗಾಡಿಯಲ್ಲಿ ಹಾಕಿಕೊಂಡು ಹೊರಟಿದ್ದರು. ಕಲ್ಲುದಾರಿಯ ಕುಲುಕಾಟ ತಡೆಯದೆ ಅವಳು ಅಳುವಾಗ, ತಾಯಿಯೇ ಎಡಕ್ಕೆ ಹೊರಳಿಸಿ ಮಲಗಿಸಿದಳು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ಮಣ್ಣಿಗೆ ಬಂದ ಮುದುಕಿಯರು ಅಂದರಂತೆ: ಮಲಗಿ ಏಳುವುದಕ್ಕೇ ಬಲಮಗ್ಗುಲು ನೋಡುತ್ತೇವೆ, ಹೆರುವವಳನ್ನು ಎಡಮಗ್ಗುಲಲ್ಲಿ ಕಳಿಸುತ್ತಾರೇನೇ?

"ಹನ್ನೊಂದು ಜನಕ್ಕೆ ಡಾಕ್ಟ್ರು ಹೇಳಿದ ಹಾಗೇ ಇಟ್ಟಿದ್ದೀಯಲ್ಲ?"

"ಅವ್ರೆಲ್ಲ ಡಾಕ್ಟ್ರ ಪೇಷೆಂಟು ಸಾಮಿ. ಡಾಕ್ಟ್ರು ಹೇಳಿದ್ದು ಮಾಡಿದೆ. ಇವ್ಳಿಗೆ ತಾಯಿ ಇರ್ಲಿಲ್ಲ. ಹತ್ತು ದಿನ ನನ್ನ ಹತ್ರಾನೇ ತಲೆ ಬಾಚಿಸ್ಕೊಂಡ್ಲು. ಅವ್ವಾ ಅಂತ ಕರೀತಿದ್ಲು. ಕಂಬಳಿ ಕೈಲಿ ಹಿಡ್ಕೊಂಡಾಗ ಕೈ ಆ ಕಡೆ ಹೋಗ್ಲಿಲ್ಲ ಸಾಮಿ. ಇವ್ಳನ್ನೂ ಎಡಕ್ಕೆ ಮಲಗಿಸ್ಲಾ ಅನ್ನಿಸ್ತು."

ಹೂವಯ್ಯ ಬರೆಯುವುದನ್ನು ನಿಲ್ಲಿಸಿದ್ದ. ಗೋಪಾಲಪ್ಪ ಅವನ ಕಡೆ ನೋಡಿದ ಮೇಲೆ ಮತ್ತೆ ಬರೆದ. ಓದಿ ಹೇಳಿದಾಗ ಹಾಲಮ್ಮ ಎಲ್ಲದಕ್ಕೂ ಹೂಂ ಎಂದು ಹೆಬ್ಬೆಟ್ಟು ಒತ್ತಿದಳು. ಐದೂವರೆಗೆ ದಸ್ತಗಿರಿ.

ಜಾಮೀನು ಸಿಗುವ ಕಲಮೇ. ಆದರೆ ಅವಳಿಗಾಗಿ ನಿಲ್ಲುವವರು ಬೇಕಲ್ಲ. ಡಾಕ್ಟರು ತಾವೇ ಬಂದರು. "ನೀವು ಸಾಕ್ಷಿ, ನೀವು ನಿಲ್ಲುವ ಹಾಗಿಲ್ಲ," ಎಂದರು ಗೋಪಾಲಪ್ಪ. ಟ್ರಂಕು ಮುಚ್ಚಿಟ್ಟೆ ಎಂದು ಹೇಳಿ ಡಾಕ್ಟರು ಹೊರಟು ಹೋದರು.

ಮಾರನೇ ಬೆಳಿಗ್ಗೆ ಗಿರಿಯಪ್ಪನನ್ನು ಕರೆಸಿ ತಿಳಿಸಿದರು.

"ಡಾಕ್ಟ್ರು ಅಂದ್ಕೊಂಡು ಸಿಟ್ಟಿತ್ತು ಸ್ವಾಮಿ. ಈಗ ಅದೂ ಇಲ್ಲ," ಎಂದ.

ಹೊರಗೆ ಬಂದವನು ಲಾಕಪ್ಪಿನ ಮುಂದೆ ನಿಂತ. ಹಾಲಮ್ಮ ತಲೆ ಎತ್ತಲಿಲ್ಲ.

"ಹಾಲು ಕಕ್ತಾ ಇದೆ ಮಗು," ಎಂದ ಗಿರಿಯಪ್ಪ.

"ಕುಡಿಸಿದ ಮೇಲೆ ಹೆಗಲಿಗೆ ಹಾಕಿ ಬೆನ್ನು ಸವರು," ಎಂದಳು ಹಾಲಮ್ಮ, ಗೋಡೆಯ ಕಡೆ ನೋಡಿಕೊಂಡೇ.

ಗಿರಿಯಪ್ಪ ಮಗುವನ್ನು ಎತ್ತಿಕೊಂಡು ಶುಕ್ರವಾರ ಮಧ್ಯಾಹ್ನ ಊರಿಗೆ ಹೋದ. ಅದೇ ದಿನ ಹಾಲಮ್ಮನನ್ನು ಕೋರ್ಟಿಗೆ ಹಾಜರು ಮಾಡಿದರು. ಜಾಮೀನಿಗೆ ಯಾರೂ ಬಾರದ್ದರಿಂದ, ಜೈಲಿಗೆಂದು ಶನಿವಾರ, ಫೆಬ್ರವರಿ ಹನ್ನೆರಡನೇ ತಾರೀಕು, ಎರಡು ಗಂಟೆಯ ಶಿವಮೊಗ್ಗ ಬಸ್ಸಿಗೆ ಹತ್ತಿಸಿದರು. ಜೊತೆಗೆ ಜಟ್ಟಪ್ಪ, ದುಗ್ಗಮ್ಮ. ಕಳಿಸಲು ಬೇರೆ ಯಾರೂ ಬಂದಿರಲಿಲ್ಲ.